ನ್ಯೂಮಾರ್ಕೆಟ್ಟಿನ ಚಳಿ, ಸರೋಜಾಳ ಬ್ಯಾಟರಿ

ವಿಮಾನ ನಿಲ್ದಾಣದ ಬಾಗಿಲು

ಹುಬ್ಬಳ್ಳಿಯ ವಿದ್ಯುತ್ ಕಚೇರಿಯ ಬಿಲ್ ಕೌಂಟರಿನಲ್ಲಿ ಕೂತು ಕೂದಲು ಹಣ್ಣಾದವಳು ನಾನು. ಊರಲ್ಲಿ ಎಲ್ಲಿ ಕರೆಂಟು ಹೋದರೂ ಜನ ಬಂದು ಬೈಯುತ್ತಿದ್ದದ್ದು ನನ್ನನ್ನು, ನಾನೇ ತಂತಿ ಕತ್ತರಿಸಿ ಬಂದು ಕೂತಿದ್ದೇನೆ ಎಂಬಂತೆ. ಹಾಗಾಗಿ ನನ್ನಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಬೇರೂರಿತ್ತು: ಕರೆಂಟು ಇಲ್ಲದಿದ್ದರೆ ಕೇಡು, ಇದ್ದರೆ ಒಳ್ಳೆಯದು. ಇದ್ದಾಗಲೇ ಎಲ್ಲವನ್ನೂ ಚಾರ್ಜಿಗೆ ಹಾಕಿಬಿಡಬೇಕು. ಇನ್ವರ್ಟರು, ಮೊಬೈಲು, ಟಾರ್ಚು, ಸೊಳ್ಳೆ ಹೊಡೆಯುವ ಬ್ಯಾಟು, ಯಾವುದನ್ನೂ ಬಿಡಬಾರದು. ಈ ನಂಬಿಕೆ ಕೆನಡಾದಲ್ಲಿ ಮಣ್ಣುಪಾಲಾಯಿತು.

ಧಾರವಾಡದಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದ ಸರೋಜಾ ಡಾಕ್ಟರಾಗಿ ಟೊರೊಂಟೊ ಹತ್ತಿರದ ನ್ಯೂಮಾರ್ಕೆಟ್ ಎಂಬ ಊರಿಗೆ ಹೋಗಿ ನೆಲೆಸಿ ಒಂದು ಜೀವಮಾನವೇ ಆಗಿದೆ. ಈಗ ನಿವೃತ್ತಳು. "ಬ್ಯಾಸಗ್ಯಾಗ ಎಲ್ಲಾರೂ ಬರ್ತಾರ. ನೀ ಚಳಿಗಾಲದಾಗ ಬಾ, ಆವಾಗ ನನಗ ಮಂದಿ ಬೇಕಾಗ್ತದ" ಎಂದು ಫೋನಿನಲ್ಲಿ ಹಟ ಹಿಡಿದಳು. ಚಳಿ ಎಂದರೆ ಧಾರವಾಡದ ಡಿಸೆಂಬರು ಎಂದುಕೊಂಡಿದ್ದ ನಾನು ಎರಡು ಸ್ವೆಟರು, ಒಂದು ಮಂಕಿಟೋಪಿ ಹಿಡಿದು ಹೊರಟೆ.

ನಿಲ್ದಾಣಕ್ಕೆ ಬಂದವರು ಅವಳ ಗಂಡ ಮೂರ್ತಿಯವರು. ಮೈಸೂರಿನ ಕಡೆಯವರು, ನಿವೃತ್ತ ಇಂಜಿನಿಯರು, ಯಾವುದನ್ನೂ ಎರಡು ಸಲ ಅಳೆಯದೆ ಮುಟ್ಟುವ ಆಸಾಮಿಯಲ್ಲ. ಕಣ್ಣು ಮಂಜಾಗಿದ್ದರಿಂದ ಕಾರು ಓಡಿಸುವುದನ್ನು ಬಿಟ್ಟಿದ್ದಾರೆ. ಟ್ಯಾಕ್ಸಿಯಲ್ಲಿ ಬಂದಿದ್ದರು, ಕೈಯಲ್ಲಿ ನನಗೆಂದು ತಂದ ದಪ್ಪ ಕೋಟು. ಅದನ್ನು ಹಾಕಿಕೊಳ್ಳುವ ಮೊದಲೇ ಗಾಜಿನ ಬಾಗಿಲು ತೆರೆಯಿತು. ಯಾರೋ ಕಪಾಳಕ್ಕೆ ಬಾರಿಸಿದಂತಾಯಿತು. ಮೂಗಿನೊಳಗಿನ ಕೂದಲೆಲ್ಲ ಮುಳ್ಳಾಗಿ ನೆಟ್ಟಗೆ ನಿಂತವು. ಆದರೂ ಮೊದಲ ಹಿಮವಲ್ಲವೇ, ಮೊಬೈಲು ಎತ್ತಿದೆ. ಅರ್ಧಕ್ಕಿಂತ ಹೆಚ್ಚು ಚಾರ್ಜಿದ್ದ ಫೋನು ಒಂದೇ ಫೋಟೋ ತೆಗೆದು ಕಣ್ಣು ಮುಚ್ಚಿತು.

"ಅಯ್ಯೋ, ಸತ್ತs ಹೋತಲ್ಲರೀ ಇದು!"

"ಸತ್ತಿಲ್ಲ ಕಣ್ರೀ, ಮೂರ್ಛೆ ಹೋಗಿದೆ ಅಷ್ಟೆ. ಲಿಥಿಯಂ ಬ್ಯಾಟರಿ ಚಳೀಲಿ ಹಾಗೇನೇ. ಒಳಜೇಬಿಗೆ ಹಾಕ್ಕೊಳ್ಳಿ, ಮೈ ಬಿಸಿಗೆ ತಾನೇ ಎದ್ದು ಕೂತ್ಕೊಳ್ಳುತ್ತೆ" ಎಂದರು ಮೂರ್ತಿಯವರು.

ಟ್ಯಾಕ್ಸಿ ದೊಡ್ಡ ರಸ್ತೆಗೆ ಬಿದ್ದು ಸ್ವಲ್ಪ ಹೊತ್ತಿಗೆ ಫೋನು ನಿಜಕ್ಕೂ ಎದ್ದಿತು, ಚಾರ್ಜು ಹಾಗೆಯೇ ಇತ್ತು. ನನಗೆ ಮೂರ್ತಿಯವರ ಜ್ಞಾನದ ಮೇಲೆ ಅಪಾರ ಗೌರವ ಬಂತು.

ನ್ಯೂಮಾರ್ಕೆಟ್, ಗ್ಯಾರೇಜಿನಲ್ಲಿ

ಸರೋಜಾ ವಾಕರು ಹಿಡಿದು ಬಾಗಿಲಿಗೆ ಬಂದಳು. ನರದ ಕಾಯಿಲೆಯೊಂದು ಅವಳ ಎರಡೂ ಕಾಲುಗಳ ಬಲ ಕುಡಿದಿದೆ. ಮನೆಯೊಳಗೆ ವಾಕರು, ಹೊರಗೆ ಹೋಗಲು ನಾಲ್ಕು ಚಕ್ರದ ಕೆಂಪು ಸ್ಕೂಟರು. ಅದಕ್ಕೆ ಕುರ್ಚಿಯಂಥ ಸೀಟು, ಮುಂದೊಂದು ಬುಟ್ಟಿ. ಇಂಥ ಗಾಡಿಗಳು ಇಲ್ಲಿ ಕಾಲುದಾರಿಯ ಮೇಲೆಯೇ ಓಡಾಡುತ್ತವೆ. ಜನ ಪಕ್ಕಕ್ಕೆ ಸರಿದು "ಸಾರಿ" ಎನ್ನುತ್ತಾರೆ. ನಾವು ಅವರ ಕಾಲಿನ ಮೇಲೆ ಹತ್ತಿಸಿದರೂ ಅವರೇ "ಸಾರಿ" ಎನ್ನುತ್ತಾರೋ ಏನೋ. ನಮ್ಮಲ್ಲಾದರೆ ಮೊದಲು ಆ ಕಾಲುದಾರಿ ಎಲ್ಲಿದೆ ಎಂದು ಹುಡುಕಬೇಕು, ಸಿಕ್ಕರೆ ಅದರ ಮೇಲೆ ನಿಂತ ಪಾನಿಪೂರಿ ಗಾಡಿಯನ್ನು ಏಳಿಸಬೇಕು.

ಆ ಕೆಂಪು ಗಾಡಿ ಗ್ಯಾರೇಜಿನಲ್ಲಿ ಇರುತ್ತಿತ್ತು. ಮನೆಯೊಳಗೆ ಅಂಗಿಯಲ್ಲಿ ಓಡಾಡುವಷ್ಟು ಬಿಸಿ, ಒಂದು ಬಾಗಿಲು ದಾಟಿದರೆ ಗ್ಯಾರೇಜಿನಲ್ಲಿ ಬಕೆಟ್ಟಿನ ನೀರು ಕಲ್ಲಾಗಿದೆ. ಅದನ್ನು ಬೆರಳಿಂದ ತಟ್ಟಿ ನೋಡಿ ಬೆರಳು ನೋಯಿಸಿಕೊಂಡೆ. ಪ್ರತಿದಿನ ಸಂಜೆ ಮೂರ್ತಿಯವರು ಕೋಟು ಟೋಪಿ ಏರಿಸಿಕೊಂಡು ಅಲ್ಲಿಗೆ ಹೋಗಿ, ಗಾಡಿಯ ಬ್ಯಾಟರಿಗೆ ಚಾರ್ಜರು ಚುಚ್ಚಿ, ಹಸಿರು ದೀಪ ಬರುವವರೆಗೂ ಎರಡು ಮೂರು ಸಲ ಇಣುಕಿ ಬರುತ್ತಿದ್ದರು. ಮನೆಯಲ್ಲಿ ಸಂಜೆ ದೀಪ ಹಚ್ಚುವುದು ಒಂದು ದಿನ ತಪ್ಪಿದರೂ ಇದು ತಪ್ಪುತ್ತಿರಲಿಲ್ಲ.

"ಒಳಗs ಇಟ್ಟು ಹಾಕಬಾರದೇನ್ರೀ? ನಿಮಗೂ ಚಳಿ ತಪ್ತದ" ಎಂದು ಕೇಳಿದೆ.

"ಲಿಥಿಯಂ ಬ್ಯಾಟರಿ ಮನೆಯೊಳಗಾ? ಟೊರೊಂಟೊ ಪಕ್ಕದ ಮಾಲ್ಟನ್‌ನಲ್ಲಿ ನಮಗೆ ಗೊತ್ತಿರೋರ ಬೇಸ್‌ಮೆಂಟಲ್ಲಿ ಒಬ್ಬ ಬಾಡಿಗೆಗಿದ್ದ. ಇ-ಬೈಕಲ್ಲಿ ಫುಡ್ ಡೆಲಿವರಿ ಮಾಡ್ತಿದ್ದ. ಅದರ ಬ್ಯಾಟರಿ ಹತ್ಕೊಂಡು ಇಡೀ ಬೇಸ್‌ಮೆಂಟು ಸುಟ್ಟುಹೋಯ್ತು. ನಮ್ಮವಳು ಓಡೋಕಾಗಲ್ಲ ಕಣ್ರೀ. ನಾನಿರೋವರೆಗೂ ಆ ಬ್ಯಾಟರಿ ಈ ಹೊಸ್ತಿಲು ದಾಟಲ್ಲ."

ಓಡಲಾಗದ ಹೆಂಡತಿಗಾಗಿ ಒಬ್ಬ ಮನುಷ್ಯ ದಿನಾ ಹೆಪ್ಪುಗಟ್ಟಿದ ಗ್ಯಾರೇಜಿನಲ್ಲಿ ನಿಲ್ಲುತ್ತಾನೆ. ನನ್ನ ಕಣ್ಣು ಒದ್ದೆಯಾಯಿತು. ಅವರಿಗೆ ನೆಗಡಿಯಾದ ದಿನ ಚಾರ್ಜರನ್ನು ನಾನೇ ಚುಚ್ಚಿ ಬಂದೆ. ಕರೆಂಟಿನ ಇಲಾಖೆಯವಳಲ್ಲವೇ, ಬಹಳ ಹೆಮ್ಮೆಯಿಂದಲೇ ಚುಚ್ಚಿದೆ.

ಬಿಸಿನೀರಿನ ಕೊಳ

ವಾರದಲ್ಲಿ ಕೆಲವು ದಿನ ಸರೋಜಾ ಊರಿನ ಸಮುದಾಯ ಕೇಂದ್ರದ ಬಿಸಿನೀರಿನ ಕೊಳಕ್ಕೆ ಹೋಗುತ್ತಾಳೆ. ಅವಳು ಗಾಡಿಯಲ್ಲಿ, ಪಕ್ಕದಲ್ಲಿ ನಾನು ಎರವಲು ಬೂಟಿನಲ್ಲಿ ಬಾತುಕೋಳಿಯಂತೆ. ಕೊಳದಲ್ಲಿ ಇಳಿಜಾರು ಇದೆ. ಕಂಬಿ ಹಿಡಿದು ಎದೆಮಟ್ಟದ ನೀರಿಗೆ ಇಳಿದವಳು ಕಂಬಿ ಬಿಟ್ಟಳು. ಬಿಟ್ಟು ನಡೆದಳು! ವಾಕರಿಲ್ಲ, ಯಾರ ಕೈಯೂ ಇಲ್ಲ, ಈ ಗೋಡೆಯಿಂದ ಆ ಗೋಡೆಗೆ ನೆಟ್ಟಗೆ ನಡೆದುಹೋದಳು. ದಂಡೆಯಲ್ಲಿ ಕೂತ ನಾನು ಬಾಯಿ ತೆರೆದು ನೋಡುತ್ತಿದ್ದೆ.

"ನೀರಾಗ ನಾ ನಡೀತೀನಿ ನೋಡು ಮಾಲೂ" ಎಂದು ಅಲ್ಲಿಂದಲೇ ಕೂಗಿದಳು. "ಇದೊಂದು ಬಿಟ್ರ ಮುಗೀತು. ಒಂದು ತಿಂಗಳು ಬರ್ಲಿಲ್ಲಂದ್ರ ಕಾಲು ಕಟಗಿ ಆಗ್ತಾವ. ನಾನs ಡಾಕ್ಟರು, ನನಗ ಮತ್ತೊಬ್ರು ಹೇಳಬೇಕಾಗಿಲ್ಲ."

ವಾಪಸು ಬರುವಾಗ, ದಾರಿಯ ನಡುವೆ, ಗಾಡಿ ಮುಲುಕಿ ನಿಂತಿತು. ಹೊರಟಾಗ ಚಾರ್ಜು ಅಳೆಯುವ ಮುಳ್ಳು ಪೂರ್ತಿ ತುಂಬಿದೆ ಎಂದು ತೋರಿಸುತ್ತಿತ್ತು. ನಾನು ಗಾಬರಿಯಾದೆ, ಅವಳು ಆಗಲಿಲ್ಲ. ಬೀಗದ ಕೈ ತಿರುಗಿಸಿ ಆರಿಸಿದಳು, ಸ್ವಲ್ಪ ಹೊತ್ತು ಸುಮ್ಮನೆ ಕೂತಳು, ಮತ್ತೆ ತಿರುಗಿಸಿದಳು. ಗಾಡಿ ಆಮೆಯಂತೆ ತೆವಳಿತು. ಹೀಗೆ ಆರಿಸಿ, ಹಚ್ಚಿ, ತೆವಳಿ ಮನೆ ಮುಟ್ಟುವಷ್ಟರಲ್ಲಿ ನನ್ನ ಕೆನ್ನೆಗೆ ಸ್ಪರ್ಶವೇ ಇರಲಿಲ್ಲ.

ಮನೆ ತಿರುವಿಗೆ ಬಂದಾಗ ಅವಳು ನನ್ನ ತೋಳು ಹಿಡಿದು ನಿಲ್ಲಿಸಿದಳು. "ಇವರಿಗೆ ಹೇಳಬ್ಯಾಡ."

"ಯಾಕs? ರಿಪೇರಿ ಮಾಡಸ್ತಾರಲ್ಲ!"

"ರಿಪೇರಿ ಅಲ್ಲ, ಗಾಡಿನs ಮಾರ್ತಾರ. ಹೋದ ಚಳಿಗಾಲದಾಗ ಹಿಂಗs ನಿಂತು, ಕಾಲ್ಬೆರಳು ಹಿಮಕ್ಕ ಸುಟ್ಟು ಕರ್ರಗಾಗಿದ್ವು. ಅವತ್ತs ಹೇಳ್ಯಾರ, ಇನ್ನೊಂದು ಸಲ ನೀ ಹೊರಗ ಸಿಕ್ಕೊಂಡ್ರ ಗಾಡಿ ಮನ್ಯಾಗ ಇರೂದಿಲ್ಲ ಅಂತ. ಹೊಸಾ ಬ್ಯಾಟರಿ ತರಿಸಿ ಹಾಕ್ಯಾರ. ಈ ವರ್ಷ ಅದೂ ಹಿಂಗs ಮಾಡ್ಲಿಕ್ಕತ್ತದ. ನಾ ಹೇಳಿಲ್ಲ."

ಅವಳ ದನಿಯಲ್ಲಿ ಭಯವಿತ್ತು. ಶಾಲೆಯಲ್ಲಿ ಹೆಡ್‌ಮಾಸ್ತರಿಗೇ ಎದುರು ಮಾತಾಡುತ್ತಿದ್ದವಳು ಗಂಡನಿಗೆ ಒಂದು ಬ್ಯಾಟರಿಯ ಸುದ್ದಿ ಹೇಳಲು ಹೆದರುತ್ತಿದ್ದಾಳೆ. ಹೇಳುವುದಿಲ್ಲ ಎಂದು ಭಾಷೆ ಕೊಟ್ಟೆ.

ಸಂಕ್ರಾಂತಿ

ಹಬ್ಬದ ದಿನ ಮನೆಯಲ್ಲಿ ಧಾರವಾಡಕ್ಕೂ ಮೈಸೂರಿಗೂ ಜಗಳ. ನಮ್ಮ ಕಡೆ ಕುಸುರೆಳ್ಳು, ಅವರ ಕಡೆ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ ಬೆರೆಸಿದ್ದು ಮತ್ತು ಸಕ್ಕರೆ ಅಚ್ಚು. "ಎಳ್ಳಿಗೆ ಸಕ್ಕರೆ ಅಂಗಿ ತೊಡಿಸಿ ಅದನ್ನೇ ಹಬ್ಬ ಅಂತೀರಾ" ಎಂದು ಮೂರ್ತಿಯವರು ರೇಗಿಸಿದರು. ಕೊನೆಗೆ ಎರಡನ್ನೂ ಕಟ್ಟಿಕೊಂಡು ಎಳ್ಳು ಬೀರಲು ನಾನೂ ಸರೋಜಾಳೂ ಹೊರಟೆವು. ಹತ್ತಿರದ ಮನೆಗಳಷ್ಟೇ ಎಂದು ಮೂರ್ತಿಯವರು ಅಪ್ಪಣೆ ಕೊಟ್ಟರು. ಆ ದಿನದ ಚಳಿಗೆ ಉಗುಳಿದರೆ ನೆಲ ಮುಟ್ಟುವುದರೊಳಗೆ ಗಟ್ಟಿಯಾದೀತು ಅನ್ನಿಸುತ್ತಿತ್ತು.

ಮೊದಲ ಮನೆಯ ಮುದುಕರು ಪೊಟ್ಟಣವನ್ನು ಅತ್ತಿತ್ತ ತಿರುಗಿಸಿ, ಇದು ಹಕ್ಕಿಗಳಿಗೋ ಎಂದು ವಿನಯದಿಂದ ಕೇಳಿದರು. ನಿಮಗೇ ಎಂದಾಗ ಎರಡು ಸಲ ಸಾರಿ ಹೇಳಿ, ನಮ್ಮೆದುರಿಗೇ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. ಎರಡನೆಯದು ಪಂಜಾಬಿ ಮನೆ. ಅಲ್ಲಿಯ ಹೆಂಗಸು "ಅರೇ ವಾಹ್, ತಿಲ್!" ಎಂದು ಸರೋಜಾಳನ್ನು ತಬ್ಬಿಕೊಂಡು, ಪ್ರತಿಯಾಗಿ ಒಂದು ಚೀಲ ಎಳ್ಳುಬೆಲ್ಲದ ರೇವಡಿ ಬುಟ್ಟಿಗೆ ತುರುಕಿದಳು. ಆ ಸಂಭ್ರಮಕ್ಕೆ ಸರೋಜಾಳಿಗೆ ಹುರುಪು ಬಂತು. ಪಾರ್ಕಿನ ಆಚೆ ಬದಿಯಲ್ಲಿ ತನ್ನ ಜೊತೆ ಆಸ್ಪತ್ರೆಯಲ್ಲಿದ್ದ ನರ್ಸೊಬ್ಬಳ ಮನೆ ಇದೆ, ಅಲ್ಲಿಗೂ ಹೋಗೋಣ ಎಂದಳು.

"ಹತ್ತಿರದ ಮನೀಗಷ್ಟs ಅಂದಾರ" ಎಂದೆ.

"ಮುಳ್ಳು ಫುಲ್ ತೋರಸ್ಲಿಕ್ಕತ್ತದ ನೋಡು. ಬಾ ಸುಮ್ಮನ."

ಪಾರ್ಕಿನ ನಡುವಿನ ಹಾದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಸರಿಯಾಗಿ ನಡುಮಧ್ಯೆ ಗಾಡಿ ನಿಂತಿತು. ಆರಿಸಿದಳು, ಕಾದಳು, ಹಚ್ಚಿದಳು. ಇಲ್ಲ. ಮತ್ತೆ. ಇಲ್ಲ. ಬುಟ್ಟಿಯಲ್ಲಿಟ್ಟಿದ್ದ ಅವಳ ಫೋನು ಕಪ್ಪಾಗಿತ್ತು. ನನ್ನದೂ ಕೋಟಿನ ಹೊರಜೇಬಿನಲ್ಲಿ ಮೂರ್ಛೆ ಹೋಗಿತ್ತು. ಕೈಗವಸು ಬಿಚ್ಚಿ ಅದನ್ನು ಬಗಲಲ್ಲಿ ಹಿಡಿದು ನಿಂತೆ, ಏಳಲಿಲ್ಲ. ಗಾಡಿಯನ್ನು ತಳ್ಳಲು ನೋಡಿದೆ. ಹೆಪ್ಪುಗಟ್ಟಿದ ಹಿಮದ ಮೇಲೆ ನನ್ನ ಬೂಟು ಜಾರಿತೇ ಹೊರತು ಚಕ್ರ ಅಲುಗಲಿಲ್ಲ. ಅವಳನ್ನು ಎತ್ತಿಕೊಂಡು ಹೋಗಲಾರೆ, ಬಿಟ್ಟು ಹೋಗಲೂ ಆರೆ.

"ನೀ ಹೋಗಿ ಯಾರನ್ನಾದ್ರೂ ಕರಕೊಂಡು ಬಾ" ಎಂದಳು. ತುಟಿ ನೀಲಿಯಾಗಿ ಮಾತು ತೊದಲುತ್ತಿತ್ತು. ಡಾಕ್ಟರಾದ ಅವಳಿಗೆ ಅದರ ಅರ್ಥ ಗೊತ್ತಿತ್ತು, ಅವಳ ಮುಖ ನೋಡಿ ನನಗೂ ಗೊತ್ತಾಯಿತು. ನಾನು ಬದುಕಿನಲ್ಲಿ ಅಷ್ಟು ಹೆದರಿದ್ದಿಲ್ಲ. ನನ್ನ ಮಂಕಿಟೋಪಿ ತೆಗೆದು ಅವಳ ಕಾಲಿಗೆ ತೊಡಿಸಿದೆ. ನಂತರ ಹುಬ್ಬಳ್ಳಿಯ ಹೆಂಗಸು ಏನು ಮಾಡುತ್ತಾಳೋ ಅದನ್ನೇ ಮಾಡಿದೆ. ನಿಂತ ಜಾಗದಲ್ಲೇ ಗಂಟಲು ಹರಿಯುವ ಹಾಗೆ, ಕನ್ನಡದಲ್ಲಿ, "ಯಾರರ ಬರ್ರೋ!" ಎಂದು ಬೊಬ್ಬೆ ಹಾಕಿದೆ.

ಬಂದದ್ದು ಮೊದಲು ಒಂದು ನಾಯಿ. ನಾಲ್ಕು ಕಾಲಿಗೂ ಪುಟ್ಟ ಬೂಟು ತೊಟ್ಟಿತ್ತು! ಆ ಸ್ಥಿತಿಯಲ್ಲೂ ನಾನು ಬೂಟುಗಳನ್ನೇ ನೋಡುತ್ತಿದ್ದೆ. ಹಿಂದೆಯೇ ಅದರ ಒಡತಿ ಓಡಿ ಬಂದಳು. ಏನೂ ತಪ್ಪು ಮಾಡದ ಅವಳು "ಸಾರಿ, ಸಾರಿ" ಎನ್ನುತ್ತಲೇ ತನ್ನ ಕೈಗವಸು ಬಿಚ್ಚಿ ಸರೋಜಾಳಿಗೆ ತೊಡಿಸಿ, ಎದೆಯ ಹತ್ತಿರದ ಜೇಬಿನಿಂದ ಫೋನು ತೆಗೆದು ತನ್ನ ಗಂಡನಿಗೆ ಹೇಳಿದಳು. ಅವನು ದೊಡ್ಡ ಪಿಕಪ್ ಗಾಡಿಯನ್ನು ಹಾದಿಯ ಬಾಯಿಗೆ ತಂದು, ಸರೋಜಾಳನ್ನು ಎತ್ತಿಕೊಂಡು ಹೋಗಿ ಕೂರಿಸಿದ. ಸೀಟೇ ಬಿಸಿಯಾಗಿತ್ತು. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಅತ್ತೆವು.

ಅಡಿಗೆಮನೆಯ ಫೋನು

ಬಾಗಿಲಲ್ಲಿ ಮೂರ್ತಿಯವರು ನಿಂತಿದ್ದರು. ಮೊದಲು ಹೆಂಡತಿಯನ್ನು ನೋಡಿದರು, ಆಮೇಲೆ ಪಿಕಪ್ಪಿನ ಹಿಂದೆ ಮಲಗಿದ್ದ ಗಾಡಿಯನ್ನು. ಅವಳ ಕಾಲನ್ನು ಉಗುರುಬೆಚ್ಚಗಿನ ನೀರಿಗಿಳಿಸಿ, ಬೆರಳಿಗೆ ಕೆಂಪು ಮರಳುವವರೆಗೂ ನೆಲದ ಮೇಲೆ ಕೂತೇ ಇದ್ದರು. ಬೆರಳು ಉಳಿದವು. ಆಮೇಲೆ ಎದ್ದರು.

"ಎಷ್ಟು ಸಲ ಆಗಿದೆ ಹೀಗೆ?"

ಸರೋಜಾ ತಲೆ ತಗ್ಗಿಸಿದಳು. "ಈ ಚಳಿಗಾಲ ಶುರು ಆದಾಗಿಂದ."

"ಮುಗೀತು. ಗಾಡಿ ನಾಳೇನೇ ಹೋಗುತ್ತೆ."

"ಕೊಳಕ್ಕ ಹ್ಯಾಂಗ ಹೋಗ್ಲಿ?"

"ಜೀವ ಇದ್ರೆ ತಾನೆ ಕೊಳ!" ಎಂದು ಅರಚಿದರು. ಆ ಮನೆಯಲ್ಲಿ ದನಿ ಏರಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಎಳ್ಳು ತಿಂದು ಒಳ್ಳೆ ಮಾತಾಡಬೇಕಾದ ದಿನ.

ಗಾಡಿ ಮಾರುವ ಮುನ್ನ ಬ್ಯಾಟರಿ ಕೊಟ್ಟವರಿಗೆ ಒಂದು ಗತಿ ಕಾಣಿಸುವುದೆಂದು ಅವರಿಗೆ ಫೋನು ಹಚ್ಚಿದರು. ಕಣ್ಣು ಮಂಜಾದವರು, ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರಿನಲ್ಲಿ ಹಾಕುವುದು ಅವರ ರೂಢಿ. ಆಚೆ ಕಡೆ ಒಬ್ಬ ಹೆಂಗಸಿನ ಸಮಾಧಾನದ ದನಿ. ಮೂರ್ತಿಯವರು ಇಂಗ್ಲಿಷಿನಲ್ಲಿ ಬೆಂಕಿ ಕಾರಿದರು. ನಿಮ್ಮ ಬ್ಯಾಟರಿ ಕಳಪೆ, ನನ್ನ ಹೆಂಡತಿ ಇವತ್ತು ಸಾಯುತ್ತಿದ್ದಳು, ನಮ್ಮ ಕಡೆಯಿಂದ ಒಂದು ದಿನವೂ ಲೋಪವಾಗಿಲ್ಲ, ಪ್ರತಿ ಸಂಜೆ ನಾನೇ ನನ್ನ ಕೈಯಾರೆ ಚಾರ್ಜಿಗೆ ಹಾಕುತ್ತೇನೆ ಎಂದರು.

ಎಲ್ಲಿ ಹಾಕುತ್ತೀರಿ ಎಂದು ಅವಳು ಕೇಳಿದಳು.

ಗ್ಯಾರೇಜಿನಲ್ಲಿ ಎಂದು ಇವರು ಹೆಮ್ಮೆಯಿಂದ ಹೇಳಿದರು.

ಗ್ಯಾರೇಜಿಗೆ ಹೀಟರು ಇದೆಯೇ?

ಇಲ್ಲ.

ಆಮೇಲೆ ಅವಳು ಮೆಲ್ಲಗೆ, ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದಳು. ಚಳಿಯಲ್ಲಿ ಬಳಸಿದರೆ ಈ ಬ್ಯಾಟರಿ ಸೊರಗುತ್ತದೆ, ಬೆಚ್ಚಗಾದರೆ ಸುಧಾರಿಸಿಕೊಳ್ಳುತ್ತದೆ. ಆದರೆ ನೀರು ಹೆಪ್ಪುಗಟ್ಟುವಷ್ಟು ತಣ್ಣಗಿರುವಾಗ ಚಾರ್ಜು ಮಾಡಿದರೆ ಹಾಗಲ್ಲ. ಒಳಗೆ ಇಂಗಬೇಕಾದ ಲಿಥಿಯಂ ಇಂಗದೆ, ಮೇಲೆಯೇ ಲೋಹವಾಗಿ ಕಟ್ಟುತ್ತದೆ. ಕಟ್ಟಿದ್ದು ಮತ್ತೆ ಕರಗುವುದಿಲ್ಲ. ಕೆಲವು ಬ್ಯಾಟರಿಗಳು ತಣ್ಣಗಿದ್ದರೆ ತಾವೇ ಚಾರ್ಜು ನಿರಾಕರಿಸುತ್ತವೆ, ನಿಮ್ಮದಕ್ಕೆ ಆ ವ್ಯವಸ್ಥೆ ಇಲ್ಲ. ದೀಪ ಹಸಿರಾಗುತ್ತದೆ, ಮುಳ್ಳು ತುಂಬಿದೆ ಎನ್ನುತ್ತದೆ, ಒಳಗೆ ಮಾತ್ರ ದಿನದಿನಕ್ಕೆ ಸಾಯುತ್ತದೆ. ಹಾಗೆ ಕೆಟ್ಟದ್ದು ಬೆಂಕಿ ಹತ್ತಿಕೊಳ್ಳುವ ಅಪಾಯವೂ ಹೆಚ್ಚು. ದಯವಿಟ್ಟು ಅದಕ್ಕೆ ಇನ್ನೊಮ್ಮೆ ಚಾರ್ಜರು ಚುಚ್ಚಬೇಡಿ ಎಂದಳು.

ನನಗೆ ಕೂತಲ್ಲೇ ಬೆವರು ಬಂತು. ಕರೆಂಟು ಬಾರದೆ ಹಾಳಾದದ್ದನ್ನು ನಾನು ಕಂಡವಳು. ಕರೆಂಟು ಕೊಟ್ಟು ಕೊಟ್ಟು ಹಾಳುಮಾಡಬಹುದೇ? ಒಂದು ದಿನ ನಾನೂ ಚುಚ್ಚಿ ಬಂದಿದ್ದೆನಲ್ಲ, ಎಷ್ಟು ಹೆಮ್ಮೆಯಿಂದ! ಬೆಂಕಿಗೆ ಹೆದರಿ ಚಳಿಗಿಟ್ಟೆವು, ಚಳಿಯಲ್ಲೇ ಬೆಂಕಿ ಬೆಳೆಸುತ್ತಿದ್ದೆವು.

ಮೂರ್ತಿಯವರು ಫೋನನ್ನು ಮುಚ್ಚುವುದನ್ನೂ ಮರೆತು ಎದ್ದು ಗ್ಯಾರೇಜಿಗೆ ಹೋದರು, ಕೋಟಿಲ್ಲದೆ. ಎಷ್ಟು ಹೊತ್ತಾದರೂ ಬರಲಿಲ್ಲ. ನಾನು ಹೋಗಿ ನೋಡಿದೆ. ಚಾರ್ಜರಿನ ತಂತಿಯನ್ನು ಕೈಯಲ್ಲಿ ಸುತ್ತಿಕೊಂಡು ಮೆಟ್ಟಿಲ ಮೇಲೆ ಕೂತಿದ್ದರು.

"ಹೋದ ವರ್ಷದ್ದನ್ನೂ ನಾನೇ ಕೊಂದೆ, ಇದನ್ನೂ ನಾನೇ. ಅವಳ ಕಾಲಿಗೆ ನಾನೇ ದಿನಾ ವಿಷ ಹಾಕ್ತಿದ್ದೆ ಕಣ್ರೀ. ದೀಪ ಹಸಿರಾಗೋದು ನೋಡಿ ಖುಷಿಪಟ್ಕೊಂಡು ಮಲಗ್ತಿದ್ದೆ."

ಬಾಗಿಲಲ್ಲಿ ವಾಕರಿನ ಸದ್ದಾಯಿತು. ಸರೋಜಾ ಬಂದು ಹೊಸ್ತಿಲಲ್ಲಿ ನಿಂತಿದ್ದಳು. ಅವಳಿಗೆ ಮೆಟ್ಟಿಲು ಇಳಿಯಲಾಗದು.

"ನೀವು ಹಾಕಿದ್ರಿ, ನಾ ಮುಚ್ಚಿಟ್ಟೆ" ಎಂದಳು. "ಮೊದಲನೇ ಸಲ ನಿಂತಾಗs ನಾ ಬಾಯಿ ಬಿಟ್ಟಿದ್ರ ನೀವು ಅವತ್ತs ಫೋನ್ ಮಾಡ್ತಿದ್ರಿ. ಗಾಡಿ ಹೋಗ್ತದಂತ ಅಂಜಿ ಸುಮ್ಮನಾದೆ. ಈಗ ಒಳಗ ಬರ್ರಿ. ಮೊದಲು ಬೆಚ್ಚಗಾಗ್ರಿ, ಆಮ್ಯಾಲ ಮಾತಾಡೋಣು."

ಆ ರಾತ್ರಿ ಅವರು ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಮರುದಿನ ಗಾಡಿಯನ್ನು ಮಾರುವ ಮಾತು ಬರಲಿಲ್ಲ. ಸತ್ತ ಬ್ಯಾಟರಿಯನ್ನು ಮೂರ್ತಿಯವರು, ಅಂಥವನ್ನು ತೆಗೆದುಕೊಳ್ಳುವ ನಗರಸಭೆಯ ಜಾಗಕ್ಕೆ ಕಳಿಸಿದರು. ನಾನು ಮಾತ್ರ ಆ ಇಡೀ ದಿನ ಯಾವ ಸ್ವಿಚ್ಚನ್ನೂ ಧೈರ್ಯವಾಗಿ ಒತ್ತಲಿಲ್ಲ.

ಹೊರಡುವ ಮುನ್ನ

ನಾನು ಊರಿಗೆ ಹೊರಡುವ ವಾರ ಹೊಸ ಬ್ಯಾಟರಿ ಬಂತು, ತಣ್ಣಗಿದ್ದರೆ ತಾನೇ ಚಾರ್ಜು ಬೇಡವೆನ್ನುವಂಥದು. ಆ ಮನೆಯ ಕಾಯಿದೆಯೂ ಬದಲಾಯಿತು. ಗಾಡಿ ಗ್ಯಾರೇಜಿನಲ್ಲಿ, ಬ್ಯಾಟರಿ ಮನೆಯೊಳಗೆ. ಹತ್ತಿಕೊಳ್ಳುವಂಥದೇನೂ ಇಲ್ಲದ, ಹೊರಬಾಗಿಲ ದಾರಿಗೆ ಅಡ್ಡವಲ್ಲದ ಬಚ್ಚಲಿನ ನೀರು ಬೀಳದ ಮೂಲೆಯ ಕಲ್ಲುನೆಲ ಅದರ ಜಾಗ. ಮೇಲೆ ಚಾವಣಿಯಲ್ಲಿ, ಹೊಗೆ ಕಂಡರೆ ಕಿರುಚುವ ಗಂಟೆ. ಎಲ್ಲರೂ ಎಚ್ಚರವಿರುವಾಗ ಮಾತ್ರ ಚಾರ್ಜು.

ಕೊನೆಯ ದಿನ ಸರೋಜಾ, ನಾನು ಕೊಳಕ್ಕೆ ಹೋಗಿ ಬಂದೆವು. ಗಾಡಿ ಎಲ್ಲೂ ನಿಲ್ಲಲಿಲ್ಲ. ಮೂರ್ತಿಯವರು ಬ್ಯಾಟರಿಯನ್ನು ಬಿಚ್ಚಿ ಒಳಗೆ ತಂದಿಟ್ಟರು. ನನ್ನ ಪೆಟ್ಟಿಗೆ ಕಟ್ಟಿ, ಊಟ ಮುಗಿಸಿ, ನಾನು ಕೈತೊಳೆಯಲು ಹೋದಾಗ ಅವರು ಬಚ್ಚಲಿನಲ್ಲಿ ಮಂಡಿಯೂರಿ ಕೂತಿದ್ದರು. ಒಂದು ಕೈಯಲ್ಲಿ ಚಾರ್ಜರು ಇತ್ತು. ಇನ್ನೊಂದು ಅಂಗೈಯನ್ನು ಬ್ಯಾಟರಿಯ ಮೇಲೆ ಮಲಗಿಸಿದ್ದರು. ಬಹಳ ಹೊತ್ತು ಹಾಗೇ ಇಟ್ಟುಕೊಂಡಿದ್ದರು, ತಮ್ಮ ಅಂಗೈಯನ್ನೇ ನಂಬದವರ ಹಾಗೆ. ಸರೋಜಾ ವಾಕರು ಹಿಡಿದು ಬಾಗಿಲಿಗೆ ಬಂದಳು.

"ಹಾಕ್ಲಾ?" ಎಂದು ಅವರು ಕೇಳಿದರು, ತಲೆ ಎತ್ತದೆ.

ಅವಳು ವಾಕರಿಗೆ ಒರಗಿ, ಬಾಗಿ, ತನ್ನ ಕೈಯನ್ನು ಅವರ ಕೈಯ ಪಕ್ಕದಲ್ಲಿಟ್ಟು ನೋಡಿದಳು.

"ಇನ್ನೂ ತಣ್ಣಗ ಅದ."

ಅವರು ಚಾರ್ಜರನ್ನು ನೆಲಕ್ಕಿಟ್ಟು ಕಾಯುತ್ತ ಕೂತರು.